ಮೊದಲು ಬೇರು, ಆಮೇಲೆ ಹಣ್ಣು

2016ರ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ ಉಷ್ಣಾಂಶ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಥಾರ್ ಮರುಭೂಮಿಯ ಆ ಸೀಮೆಯಲ್ಲಿ ಬೋರೆ ಹಣ್ಣಿನ ಗಿಡಗಳಿವೆ. ಮೇ ತಿಂಗಳಲ್ಲಿ ಹೋಗಿ ನೋಡಿದವರಿಗೆ ಅವು ಒಣಗಿ ಸತ್ತಂತೆಯೇ ಕಾಣುತ್ತವೆ. ಎಲೆಗಳಿಲ್ಲ, ಬರೀ ಮುಳ್ಳು, ಬೂದು ಬಣ್ಣದ ಕೊಂಬೆ. ಜುಲೈ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅವು ಚಿಗುರುತ್ತವೆ, ಸೆಪ್ಟೆಂಬರ್ ಹೊತ್ತಿಗೆ ಹೂ ಬಿಡುತ್ತವೆ, ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹಣ್ಣು ಕೊಟ್ಟು ಮತ್ತೆ ಎಲೆ ಉದುರಿಸುತ್ತವೆ. ನಮ್ಮಲ್ಲಿ ಸಂಕ್ರಾಂತಿಯ ದಿನ ಮಕ್ಕಳ ತಲೆಯ ಮೇಲೆ ಎರೆಯುವ ಎಲಚಿ ಹಣ್ಣು ಇದೇ. ಬಿಸಿಲು ಅತಿಯಾದ ತಿಂಗಳುಗಳಲ್ಲಿ ಎಲೆಯನ್ನೇ ಇಟ್ಟುಕೊಳ್ಳದ ಮರಕ್ಕೆ ಆ ಬಿಸಿಲಿನ ಚಿಂತೆಯೂ ಕಡಿಮೆ. ಮರುಭೂಮಿಯಲ್ಲಿ ಹಣ್ಣಿನ ಗಿಡ ನೆಡುವ ಮಾತು ಬಂದಾಗ ನಾವೆಲ್ಲ ಮೊದಲು ಕೇಳುವುದು ನೀರು ಎಲ್ಲಿಂದ ತರುವುದು ಎಂದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಈ ಗಿಡದ ಬೇರು ಮೊದಲ ಎರಡು ವರ್ಷದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ? ಜಾತಿ ಆರಿಸುವುದು, ಗುಣಿ ತೋಡುವುದು, ನೀರು ಕೊಡುವುದು, ನೆರಳು ಕಟ್ಟುವುದು, ಇವೆಲ್ಲ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಡೆದರೆ ಗಿಡ ನಿಲ್ಲುತ್ತದೆ. ಅದನ್ನು ಮರೆತು ಎಷ್ಟು ನೀರು ಸುರಿದರೂ ಅದು ಒಂದೆರಡು ಬೇಸಿಗೆಯ ಮಾತಷ್ಟೇ.

ಥಾರ್‌ನ ಲೆಕ್ಕ ಮೊದಲು ನೋಡೋಣ. ಜೋಧಪುರದಲ್ಲಿ ವರ್ಷಕ್ಕೆ ಸುಮಾರು 360 ಮಿ.ಮೀ. ಮಳೆ, ಜೈಸಲ್ಮೇರ್‌ನಲ್ಲಿ 200 ಮಿ.ಮೀ.ಗೂ ಕಡಿಮೆ. ಅದರ ಬಹುಪಾಲು ಜುಲೈನಿಂದ ಸೆಪ್ಟೆಂಬರ್ ನಡುವಿನ ಕೆಲವೇ ದಿನಗಳಲ್ಲಿ ಬಿದ್ದು ಮುಗಿಯುತ್ತದೆ. ಇದಕ್ಕೆ ಎದುರಾಗಿ ಬಿಸಿಲೂ ಗಾಳಿಯೂ ಸೇರಿ ವರ್ಷಕ್ಕೆ 1500ರಿಂದ 2000 ಮಿ.ಮೀ.ನಷ್ಟು ನೀರನ್ನು ಹೀರಿಕೊಳ್ಳಬಲ್ಲವು. ಬಿದ್ದದ್ದರ ಎಷ್ಟೋ ಪಟ್ಟು ಮೇಲಕ್ಕೆ ಹೋಗಲು ಸಿದ್ಧವಿರುವ ಸೀಮೆ ಅದು. ಮರಳು ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕೆಳಗಿಳಿಸುತ್ತದೆ, ಹಿಡಿದಿಡುವುದು ಕಡಿಮೆ. ಆದರೆ ಇದೇ ಮರಳಿಗೆ ಒಂದು ಒಳ್ಳೆಯ ಗುಣವೂ ಇದೆ. ಮೇಲಿನ ಪದರ ಒಣಗಿದ ಕೂಡಲೇ ಅದೇ ಕೆಳಗಿನ ತೇವಕ್ಕೆ ಮುಚ್ಚಳವಾಗುತ್ತದೆ. ಮಳೆಗಾಲ ಕಳೆದು ತಿಂಗಳುಗಳ ಮೇಲೂ ಮರಳ ದಿಬ್ಬದ ಒಳಗೆ ಕೈಗೆ ತಂಪಾಗುವ ಪಸೆ ಸಿಗುವುದು ಇದರಿಂದಲೇ. ಮೇಲಿನ ಒಂದು ಮೊಳದಲ್ಲಿ ಬೇರು ಹರಡಿದ ಗಿಡಕ್ಕೆ ಏಪ್ರಿಲ್‌ನಲ್ಲಿ ಏನೂ ಉಳಿದಿರುವುದಿಲ್ಲ. ಎರಡು ಮೂರು ಮೊಳ ಇಳಿದ ಗಿಡಕ್ಕೆ ಇನ್ನೂ ಸ್ವಲ್ಪ ಉಳಿದಿರುತ್ತದೆ. ಆ ಸ್ವಲ್ಪದ ಮೇಲೆಯೇ ಅಲ್ಲಿನ ಹಣ್ಣಿನ ಕೃಷಿ ನಿಂತಿದೆ.

ಈಗ ನರ್ಸರಿಯ ಗಿಡವನ್ನು ಯೋಚಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಒಂದೆರಡು ವರ್ಷ ಬೆಳೆದ, ನಾಲ್ಕಡಿ ಎತ್ತರದ, ಎಲೆ ತುಂಬಿದ ಗಿಡ ಕಣ್ಣಿಗೆ ಚೆಂದ. ಕೊಳ್ಳುವವರು ಅದನ್ನೇ ಆರಿಸುತ್ತಾರೆ, ಹೆಚ್ಚು ದುಡ್ಡನ್ನೂ ಕೊಡುತ್ತಾರೆ. ಚೀಲದ ಒಳಗೆ ಅದರ ತಾಯಿಬೇರು ತಳ ಮುಟ್ಟಿ, ದಾರಿ ಸಿಗದೆ, ಸುರುಳಿ ಸುತ್ತಿಕೊಂಡಿರುತ್ತದೆ. ನೆಲಕ್ಕಿಟ್ಟ ಮೇಲೂ ಆ ಸುರುಳಿ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ನಾಲ್ಕಡಿ ಎತ್ತರದ ಎಲೆಗಳು ದಿನಕ್ಕೆ ಇಷ್ಟು ನೀರು ಬೇಕೆಂದು ಕೇಳುತ್ತವೆ, ಒಂದು ಗೇಣಿನ ಬೇರು ಅದನ್ನು ಒದಗಿಸಲಾರದು. ನೀರು ಕೊಡುತ್ತಿರುವವರೆಗೆ ಗಿಡ ಬದುಕಿರುತ್ತದೆ. ಟ್ಯಾಂಕರ್ ಬಾರದ ವಾರ, ಮೋಟಾರು ಸುಟ್ಟ ವಾರ, ಜೂನ್‌ನ ಲೂ ಎಂಬ ಬಿಸಿಗಾಳಿಗೆ ಅದು ಮುಗಿದೇಹೋಗುತ್ತದೆ. ಮರುಭೂಮಿಯಲ್ಲಿ ಎಳೆಯ ಗಿಡಗಳು ಸಾಯುವುದು ಬಹುಪಾಲು ಈ ಅಸಮತೋಲನದಿಂದ ಎಂಬುದು ನನ್ನ ವಾದ. ಇದಕ್ಕೆ ಒಳ್ಳೆಯ ಪುರಾವೆ ಥಾರ್‌ನಲ್ಲೇ ನಡೆದ ಕೆಲಸದಲ್ಲಿ ಸಿಗುತ್ತದೆ.

ಜೋಧಪುರದಲ್ಲಿ 1952ರಲ್ಲಿ ಮರುಭೂಮಿಯಲ್ಲಿ ಗಿಡ ಬೆಳೆಸುವುದಕ್ಕಾಗಿಯೇ ಒಂದು ಕೇಂದ್ರ ಶುರುವಾಯಿತು. 1959ರಲ್ಲಿ ಅದು ಕಾಜ್ರಿ ಎಂದೇ ಹೆಸರಾದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಾಯಿತು. ಬೋರೆಯ ವಿಷಯದಲ್ಲಿ ಅಲ್ಲಿನವರು ರೂಢಿಗೆ ತಂದ ವಿಧಾನ ಸರಳವಾದದ್ದು: ಮೊದಲು ಬೇರನ್ನು ಬೆಳೆಸು, ಹಣ್ಣಿನ ತಳಿಯನ್ನು ಆಮೇಲೆ ಅದರ ಮೇಲೆ ಕೂರಿಸು. ಕಾಡು ಬೋರೆಯ ಗೊರಟನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆದುಹಾಕುತ್ತಾರೆ. ಮುಳುಗಿದ ಗೊರಟನ್ನು ಹಾಗೇ ಬಿತ್ತಿದರೆ ಮೊಳಕೆಗೆ ಮೂರು ನಾಲ್ಕು ವಾರ ಬೇಕು. ಗಟ್ಟಿ ಚಿಪ್ಪನ್ನು ಹದವಾಗಿ ಒಡೆದು ಒಳಗಿನ ಬೀಜಕ್ಕೆ ಪೆಟ್ಟಾಗದಂತೆ ತೆಗೆದು ಬಿತ್ತಿದರೆ ಸುಮಾರು ಒಂದು ವಾರದಲ್ಲೇ ಮೊಳೆಯುತ್ತದೆ. ಬಿತ್ತುವುದು ಗಿಡ ಕೊನೆಯವರೆಗೆ ನಿಲ್ಲಬೇಕಾದ ಗುಣಿಯಲ್ಲೇ, ಇಲ್ಲವೇ ಎರಡೂ ತುದಿ ತೆರೆದ, ಗೇಣುದ್ದದ ಪಾಲಿಥಿನ್ ಕೊಳವೆಯಲ್ಲಿ. ತಳವೇ ಇಲ್ಲದ ಕೊಳವೆಯಲ್ಲಿ ಬೇರು ಸುತ್ತಿಕೊಳ್ಳದೆ ನೇರ ಕೆಳಗಿಳಿಯುತ್ತದೆ. ಮೂರು ತಿಂಗಳು ಕಳೆಯುವ ಹೊತ್ತಿಗೆ ಕಾಂಡ ಪೆನ್ಸಿಲ್ ದಪ್ಪವಾಗುತ್ತದೆ. ಮಳೆಗಾಲದಲ್ಲಿ ರಸ ಹರಿಯುತ್ತಿರುವುದರಿಂದ ತೊಗಟೆ ಸಲೀಸಾಗಿ ಬಿಡುತ್ತದೆ. ಆಗ ನೆಲದಿಂದ ಒಂದು ಗೇಣು ಮೇಲೆ ತೊಗಟೆಯನ್ನು ಚಾಕುವಿನಿಂದ ಟಿ ಆಕಾರದಲ್ಲಿ ಸೀಳಿ, ಗೋಲಾ ಅಥವಾ ಸೇಬ್ ತಳಿಯ ಒಂದು ಕಣ್ಣನ್ನು ಒಳಗೆ ಜಾರಿಸಿ, ಪಾಲಿಥಿನ್ ಪಟ್ಟಿಯಿಂದ ಬಿಗಿದು ಕಟ್ಟುತ್ತಾರೆ. ಕಣ್ಣು ಚಿಗುರಿದ ಮೇಲೆ ಅದರ ಮೇಲಿನ ಕಾಡು ಕಾಂಡವನ್ನು ಕತ್ತರಿಸುತ್ತಾರೆ, ಕೆಳಗಿನಿಂದ ಬರುವ ಕಾಡು ಚಿಗುರನ್ನು ಬಿಡದೆ ಚಿವುಟುತ್ತಾರೆ. ಗುಣಿಯಲ್ಲೇ ಬಿತ್ತಿ ಗುಣಿಯಲ್ಲೇ ಕಣ್ಣು ಕಸಿ ಮಾಡಿದ ಗಿಡದ ತಾಯಿಬೇರನ್ನು ಯಾರೂ ಒಮ್ಮೆಯೂ ಅಲುಗಿಸಿರುವುದಿಲ್ಲ. ಮೊದಲ ವರ್ಷ ಅದು ಕಣ್ಣಿಗೆ ಬಡಕಲು. ಆದರೆ ಮಣ್ಣಿನೊಳಗೆ ಅದರ ಕೆಲಸ ಆಗಲೇ ಅರ್ಧ ಮುಗಿದಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ದೊಡ್ಡ ಗಿಡ ನೆಟ್ಟರೆ ಒಂದು ವರ್ಷ ಮೊದಲೇ ಹಣ್ಣು ಸಿಗುತ್ತದಲ್ಲ, ಸಣ್ಣದನ್ನು ಮೇಕೆ ನೀಲಗಾಯಿಗಳು ಒಂದೇ ಬಾಯಿಗೆ ಮುಗಿಸುತ್ತವಲ್ಲ ಎಂದು ಕೇಳುತ್ತಾರೆ. ಮೇಕೆಯ ಮಾತು ನಿಜ, ಬೇಲಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಮಾರ್ವಾಡದ ರೈತರು ಕುರುಚಲು ಬೋರೆಯ ಮುಳ್ಳುಕೊಂಬೆಗಳನ್ನೇ ಕಡಿದು ಹೊಲದ ಸುತ್ತ ಒಡ್ಡುತ್ತಾರೆ, ಅದಕ್ಕೆ ಖರ್ಚೂ ಕಡಿಮೆ. ಸಮಯದ ಲೆಕ್ಕ ಮಾತ್ರ ಒಪ್ಪುವಂಥದ್ದಲ್ಲ. ದೊಡ್ಡ ಗಿಡ ನೆಟ್ಟ ಮೇಲೆ ಬೇರು ಹೊಸದಾಗಿ ಹಿಡಿಯುವವರೆಗೆ ಬೆಳವಣಿಗೆ ನಿಂತೇಹೋಗುತ್ತದೆ. ಅಷ್ಟರಲ್ಲಿ ಸಣ್ಣದು ಅದನ್ನು ಹಿಂದೆ ಹಾಕುವುದು ಒಣ ಸೀಮೆಗಳಲ್ಲಿ ಅಪರೂಪವೇನಲ್ಲ. ಹತ್ತು ದೊಡ್ಡ ಗಿಡಗಳಲ್ಲಿ ನಾಲ್ಕು ಸತ್ತು ಮತ್ತೆ ನೆಡಬೇಕಾಗಿ ಬಂದರೆ ಉಳಿಸಿದ ಒಂದು ವರ್ಷ ಅಲ್ಲಿಗೇ ಹೋಯಿತು.

ಗುಣಿ ತೋಡುವುದು ಮೇ ತಿಂಗಳ ಕೆಲಸ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ತೋಡಿ ಕೆಲವು ವಾರ ಬಿಸಿಲಿಗೆ ಬಿಡುತ್ತಾರೆ. ಥಾರ್‌ನ ಎಷ್ಟೋ ಕಡೆ ಎರಡು ಮೂರು ಅಡಿ ಕೆಳಗೆ ಸುಣ್ಣಗಲ್ಲಿನ ಗಟ್ಟಿ ಪದರವೊಂದು ಅಡಗಿರುತ್ತದೆ. ಹಾರೆಯಿಂದ ಅದನ್ನು ಒಡೆಯದೆ ಮೇಲೆ ಎಷ್ಟು ಗೊಬ್ಬರ ತುಂಬಿದರೂ ಬೇರು ಆ ಹಾಸಿನ ಮೇಲೆ ಅಡ್ಡ ಹರಡುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಇಡೀ ಕೆಲಸದಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ಹಂತ ಇದೇ ಎನಿಸುತ್ತದೆ. ಮೇಲಿನಿಂದ ಕಾಣದ್ದಕ್ಕೆ ಬೆವರು ಸುರಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಗುಣಿಗೆ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸಿಕ್ಕರೆ ಕೆರೆಯ ಹೂಳು, ಗೆದ್ದಲು ಬಾರದಿರಲು ಬೇವಿನ ಹಿಂಡಿ. ಕಳಿಯದ ಗೊಬ್ಬರ ಹಾಕಿದರೆ ಗೆದ್ದಲನ್ನು ಊಟಕ್ಕೆ ಕರೆದಂತೆಯೇ. ನೀರಿನ ವಿಷಯದಲ್ಲಿ ಆಗುವ ತಪ್ಪು ಪ್ರೀತಿಯಿಂದ ಆಗುವಂಥದ್ದು. ದಿನಾ ಒಂದೊಂದು ಚೊಂಬು ಹಾಕಿದರೆ ಒದ್ದೆಯಾಗುವುದು ಮೇಲಿನ ನಾಲ್ಕು ಬೆರಳು ಮಣ್ಣು, ಬೇರೂ ಅಲ್ಲೇ ಉಳಿಯುತ್ತದೆ. ನೀರು ಸವಳಾಗಿದ್ದರೆ ಅದರ ಉಪ್ಪೂ ಅಲ್ಲೇ ಕೂರುತ್ತದೆ. ಅದರ ಬದಲು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಗುಣಿಯ ಆಳದವರೆಗೂ ನೆನೆಯುವಂತೆ ಹಾಕಿ, ಬೇರು ಇಳಿದಂತೆ ಅಂತರವನ್ನು ಹೆಚ್ಚಿಸುತ್ತ ಹೋಗಬೇಕು. ಬೇರು ತೇವದ ಹಿಂದೆಯೇ ಕೆಳಗಿಳಿಯುತ್ತದೆ.

ನೆರಳಿನ ಬಗ್ಗೆ ಒಂದು ಮಾತು. ಮರುಭೂಮಿಯಲ್ಲಿ ಬೇಸಿಗೆಯಷ್ಟೇ ಚಳಿಗಾಲಕ್ಕೂ ಅಂಜಬೇಕು. ಬಿಕಾನೇರ್, ಚುರು ಕಡೆ ಜನವರಿಯ ಕೆಲವು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಎಳೆಯ ನೆಲ್ಲಿ, ಪಪ್ಪಾಯಿ ಒಂದೇ ರಾತ್ರಿಯ ಇಬ್ಬನಿಗಡ್ಡೆಗೆ ಸುಟ್ಟಂತೆ ಕಪ್ಪಾಗುತ್ತವೆ. ಸಜ್ಜೆ ದಂಟಿನಿಂದಲೋ ಅಲ್ಲೇ ಸಿಗುವ ಕುರುಚಲು ಗಿಡಗಳ ಸೊಪ್ಪಿನಿಂದಲೋ ಕಟ್ಟಿದ ಸಣ್ಣ ಗೂಡು, ಬೆಳಗಿನ ಬಿಸಿಲು ಬರುವ ಪೂರ್ವ ದಕ್ಷಿಣದ ಕಡೆ ಮಾತ್ರ ತೆರೆದಿಟ್ಟರೆ, ಜನವರಿಯ ಚಳಿಯನ್ನೂ ಮೇ ತಿಂಗಳ ಇಳಿಹೊತ್ತಿನ ಬಿಸಿಲನ್ನೂ ತಡೆಯುತ್ತದೆ. ಕಾಂಡಕ್ಕೆ ಸುಣ್ಣ ಬಳಿಯುವುದೂ ತೊಗಟೆ ಬಿಸಿಲಿಗೆ ಸೀಳದಿರಲಿ ಎಂದೇ.

ಇಷ್ಟಾದರೂ ಮೊದಲೆರಡು ವರ್ಷ ನೀರು ಬೇಕೇ ಬೇಕು. ಅದು ಎಷ್ಟು, ಎಲ್ಲಿಂದ ಎಂಬುದಕ್ಕೆ ಇಸ್ರೇಲ್‌ನ ನೆಗೆವ್ ಮರುಭೂಮಿ ಕೊಟ್ಟ ಉತ್ತರ ಮುಖ್ಯವಾದದ್ದು. ಅಲ್ಲಿನ ಅವ್ದಾತ್ ಎಂಬಲ್ಲಿ ವರ್ಷಕ್ಕೆ 100 ಮಿ.ಮೀ.ಗೂ ಕಡಿಮೆ ಮಳೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ನಬಾತಿಯನ್ನರೆಂಬ ಜನ ಬೆಟ್ಟದ ಇಳಿಜಾರಿನ ನೀರನ್ನು ಕಾಲುವೆಗಳಲ್ಲಿ ಹಿಡಿದು ಹೊಲಕ್ಕೆ ತರುತ್ತಿದ್ದರು. ಸಸ್ಯವಿಜ್ಞಾನಿ ಮೈಕೆಲ್ ಎವೆನಾರಿ ಮತ್ತು ಸಂಗಡಿಗರು 1950ರ ದಶಕದ ಕೊನೆಯಲ್ಲಿ ಆ ಹಳೆಯ ಹೊಲವನ್ನು ಮತ್ತೆ ಕಟ್ಟಿ, ಮಳೆನೀರಿನಿಂದಲೇ ಬಾದಾಮಿ, ದಾಳಿಂಬೆ, ಅಂಜೂರ, ದ್ರಾಕ್ಷಿ ಬೆಳೆದು ತೋರಿಸಿದರು. ಒಂದೊಂದು ಮರಕ್ಕೂ ಅದರದೇ ಪುಟ್ಟ ಜಲಾನಯನ ಮಾಡುವ ಪ್ರಯೋಗವನ್ನೂ ಮಾಡಿದರು. ಇದರ ಲೆಕ್ಕವನ್ನು ನಾವೇ ಹಾಕಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆರು ಮೀಟರ್ ಅಂತರದಲ್ಲಿ ನೆಟ್ಟ ಗಿಡಕ್ಕೆ 36 ಚದರ ಮೀಟರ್ ಜಾಗ ಸಿಗುತ್ತದೆ. 20 ಮಿ.ಮೀ.ನ ಒಂದು ಮಳೆಗೆ ಅಲ್ಲಿ ಬೀಳುವುದು 720 ಲೀಟರ್. ನೆಲವನ್ನು ಗಿಡದ ಕಡೆಗೆ ಇಳಿಜಾರು ಮಾಡಿ ಅದರಲ್ಲಿ ಮೂರನೇ ಒಂದು ಭಾಗ ಪಾತಿಗೆ ಹರಿದು ಬಂದರೂ 240 ಲೀಟರ್ ಬೇರಿನ ಬುಡಕ್ಕೇ ಸೇರಿತು. ಸಡಿಲ ಮರಳಿನಲ್ಲಿ ಮಾತ್ರ ಈ ಲೆಕ್ಕ ನಡೆಯದು, ಅಲ್ಲಿ ನೀರು ಹರಿಯುವ ಮೊದಲೇ ಇಂಗಿಹೋಗುತ್ತದೆ. ಗಟ್ಟಿ ನೆಲ, ಕಲ್ಲು ಇಳಿಜಾರು ಇದ್ದಲ್ಲಿ ಮಾತ್ರ ಇದು ಸರಿ. ಜೈಸಲ್ಮೇರ್‌ನ ಪಾಲಿವಾಲರು ಹದಿನೈದನೇ ಶತಮಾನದಿಂದ ಕಲ್ಲುನೆಲದ ಕೆಳಗೆ ಒಡ್ಡು ಕಟ್ಟಿ, ಖಡೀನ್ ಎಂಬ ಹೊಲಗಳಲ್ಲಿ ಗೋಧಿ ಕಡಲೆ ಬೆಳೆದದ್ದು ಇದೇ ತತ್ತ್ವದ ಮೇಲೆ. ಮರಳಿನಲ್ಲಿ ಗಿಡದ ಪಕ್ಕ ಬಾಯಿಮಟ್ಟ ಹೂತ ಮಣ್ಣಿನ ಮಡಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೆರುಗು ಕೊಡದ ಮಡಕೆಯ ಗೋಡೆಯಿಂದ ನೀರು ಮೆಲ್ಲಗೆ ಜಿನುಗುತ್ತದೆ, ಮಣ್ಣು ಒದ್ದೆಯಾಗಿದ್ದಾಗ ಜಿನುಗುವುದು ತಾನಾಗಿ ಕಡಿಮೆಯಾಗುತ್ತದೆ. ಮೇಲೆ ಮುಚ್ಚಳವಿಟ್ಟರೆ ಆವಿಯಾಗಿ ಹೋಗುವುದೂ ಅಲ್ಪ.

ಬೇರಿನ ಜೊತೆಗೆ ನೋಡಬೇಕಾದ ಇನ್ನೊಂದು ಸಂಗತಿ ಮರದ ಪಂಚಾಂಗ. ಖರ್ಜೂರವನ್ನೇ ತೆಗೆದುಕೊಳ್ಳಿ. ಕಾಲು ನೀರಿನಲ್ಲಿ, ತಲೆ ಬೆಂಕಿಯಲ್ಲಿ ಇರಬೇಕಾದ ಮರ ಎಂದು ಅರಬರು ಅದರ ಬಗ್ಗೆ ಹೇಳುತ್ತಾರೆ. ಸೌದಿ ಅರೇಬಿಯದ ಅಲ್ ಅಹ್ಸಾ ಓಯಸಿಸ್‌ನಲ್ಲಿ 25 ಲಕ್ಷ ಖರ್ಜೂರದ ಮರಗಳಿರುವುದು ಅಲ್ಲಿನ ಚಿಲುಮೆ ಮತ್ತು ಅಂತರ್ಜಲದಿಂದ. ಬಿಸಿಲು ಥಾರ್‌ನಲ್ಲೂ ಸಾಕಷ್ಟಿದೆ, ಆದರೆ ಮಳೆಯ ಕಾಲ ಬೇರೆ. ಅರಬ್ ನಾಡಿನಲ್ಲಿ ಹಣ್ಣು ಪಕ್ವವಾಗುವ ಬೇಸಿಗೆ ಪೂರ್ತಿ ಒಣದು. ಜೈಸಲ್ಮೇರ್, ಬಿಕಾನೇರ್, ಕಛ್‌ಗಳಲ್ಲಿ ಅದೇ ಹೊತ್ತಿಗೆ ಮುಂಗಾರು ಬಂದು ಗೊನೆಯಲ್ಲೇ ಹಣ್ಣು ಕೊಳೆಯುತ್ತದೆ. ಅದಕ್ಕೇ ಅಲ್ಲಿ ಬರ್ಹಿಯಂಥ, ಗಟ್ಟಿಯಾಗಿರುವಾಗಲೇ ಸಿಹಿಯಾಗುವ ತಳಿಗಳನ್ನು ಬೆಳೆದು, ಪೂರ್ತಿ ಹಣ್ಣಾಗುವ ಮೊದಲೇ ಕೊಯ್ಯುತ್ತಾರೆ. ಬೋರೆಯಲ್ಲೂ ಇದೇ ವಿವೇಕ ನಡೆಯುತ್ತದೆ. ಮಳೆ ತೀರ ಕಡಿಮೆ ಇರುವ ಕಡೆ ಬೇಗ ಹಣ್ಣಾಗುವ ಗೋಲಾ ತಳಿಯನ್ನು ಶಿಫಾರಸು ಮಾಡುವುದು, ಮಣ್ಣಿನ ಪಸೆ ಮುಗಿಯುವ ಮೊದಲು ಅದರ ಫಸಲು ಮುಗಿಯುತ್ತದೆ ಎಂಬ ಕಾರಣಕ್ಕೆ. ಹಣ್ಣಿನ ಬುಟ್ಟಿಯಲ್ಲಿ ಬೋರೆ ಒಂದೇ ಇರಬೇಕೆಂದೇನೂ ಇಲ್ಲ. ನಮ್ಮ ಚಳ್ಳೆ ಹಣ್ಣಿನ ಬಳಗದ ಗೂಂದಾ, ಎಲೆಯೇ ಇಲ್ಲದ ಕೇರ್, ನಾವು ದಸರೆಗೆ ಪೂಜಿಸುವ ಬನ್ನಿ ಅಲ್ಲಿನವರ ಅಡುಗೆಗೆ ಸೇರಿದವು. ಬನ್ನಿಯ ಎಳೆಗಾಯಿ ಸಾಂಗ್ರಿಯನ್ನು ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ. ಬಿಕಾನೇರ್‌ನ ಕೇಂದ್ರೀಯ ಶುಷ್ಕ ತೋಟಗಾರಿಕೆ ಸಂಸ್ಥೆ ಬನ್ನಿಯಲ್ಲೇ ‘ಥಾರ್ ಶೋಭಾ’ ಎಂಬ ಕಸಿ ತಳಿಯೊಂದನ್ನು ಕೊಟ್ಟಿದೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಹನಿ ನೀರಾವರಿಯದು. ಬಾಡಮೇರ್, ಜಾಲೋರ್ ಜಿಲ್ಲೆಗಳಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಭಗವಾ ದಾಳಿಂಬೆ ಹಬ್ಬಿದೆ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ರೈತರು ಬೆಳೆಯುವ ಅದೇ ತಳಿ. ಅಂಗಾಂಶ ಕೃಷಿಯ ಸಸಿ ತಂದು, ಡ್ರಿಪ್ ಹಾಕಿ, ಮೂರನೇ ವರ್ಷ ಫಸಲು ತೆಗೆದು, ಸಜ್ಜೆ ಜೀರಿಗೆಯಲ್ಲಿ ಕಾಣದ ಆದಾಯವನ್ನು ಥಾರ್‌ನ ರೈತರು ಕಂಡಿದ್ದಾರೆ. ಆ ಗೆಲುವು ನಿಜವಾದದ್ದು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಹಾಗಿದ್ದರೆ ಬೇರಿಗಾಗಿ ಎರಡು ವರ್ಷ ತಾಳುವುದು ಏಕೆ? ಡ್ರಿಪ್ ನೀರನ್ನು ಉಳಿಸುತ್ತದೆ, ಹೊಸ ನೀರನ್ನು ಕೊಡುವುದಿಲ್ಲ ಎಂಬುದು ಇದಕ್ಕೆ ಉತ್ತರ. ರಾಜಸ್ಥಾನದಲ್ಲಿ ಪ್ರತಿವರ್ಷ ಭೂಮಿಗೆ ಮರುಪೂರಣವಾಗುವ ನೀರಿನ ಸುಮಾರು ಒಂದೂವರೆ ಪಟ್ಟನ್ನು ಮೇಲೆತ್ತಲಾಗುತ್ತಿದೆ. ಕೊಳವೆಬಾವಿ ಆಳಕ್ಕೆ ಹೋದಂತೆ ನೀರು ಸವಳಾಗುತ್ತದೆ. ಹನಿಯುವ ನೀರು ಒದ್ದೆ ಮಾಡಿದ ವೃತ್ತದ ಅಂಚಿನಲ್ಲಿ ಉಪ್ಪು ಉಂಗುರವಾಗಿ ಕೂರುತ್ತದೆ, ಅಡಿಗಡಿಗೆ ಅದನ್ನು ತೊಳೆಯಲು ಮತ್ತೆ ನೀರೇ ಬೇಕು. ದಿನಾ ಅಷ್ಟಷ್ಟೇ ಹನಿಸಿ ಬೆಳೆಸಿದ ಗಿಡದ ಬೇರು ಆ ವೃತ್ತ ಬಿಟ್ಟು ಹೋಗಿರುವುದಿಲ್ಲ. ಬಾವಿ ಬತ್ತಿದ ವರ್ಷ ಅದಕ್ಕೆ ಬೇರೆ ಆಸರೆಯಿಲ್ಲ. ಡ್ರಿಪ್ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲ ವರ್ಷಗಳಲ್ಲಿ ಅದನ್ನು ಆಳಕ್ಕೆ, ಅಂತರ ಬಿಟ್ಟು ಹರಿಸಿ ಬೇರನ್ನು ಕೆಳಗಿಳಿಸಲು ಬಳಸಬೇಕು, ನೀರು ಗ್ಯಾರಂಟಿ ಇರುವಷ್ಟೇ ಜಾಗಕ್ಕೆ ದಾಳಿಂಬೆ ಇಟ್ಟು, ಉಳಿದ ಹೊಲಕ್ಕೆ ಮಳೆಯ ಪಂಚಾಂಗದ ಮರಗಳನ್ನು ಹಾಕಬೇಕು.

ಬೋರೆಗೆ ಬೆಲೆಯೆಲ್ಲಿ ಎಂದು ರೈತರು ಕೇಳುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಊರಿಗೆಲ್ಲ ಒಟ್ಟಿಗೆ ಹಣ್ಣಾದರೆ ಮಂಡಿಯಲ್ಲಿ ದರ ಕುಸಿಯುತ್ತದೆ, ಹಣ್ಣುನೊಣದ ಕಾಟವೂ ಇದೆ. ಗೋಲಾ, ಸೇಬ್, ಉಮ್ರಾನ್‌ಗಳನ್ನು ಬೆರೆಸಿ ಹಾಕಿದರೆ ಕೊಯ್ಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಂಚಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಮರದ ಆದಾಯವನ್ನು ಹಣ್ಣಿನ ತೂಕದಿಂದಷ್ಟೇ ಅಳೆಯಬಾರದು. ಮೇ ತಿಂಗಳಲ್ಲಿ ಚಾಟನಿ ಮಾಡಿದ ಕೊಂಬೆ ಬೇಲಿಗೂ ಒಲೆಗೂ ಆಗುತ್ತದೆ, ಎಲೆ ಮೇಕೆ ಕುರಿಗಳಿಗೆ ಮೇವಾಗುತ್ತದೆ. ಸಜ್ಜೆ ಪೂರ್ತಿ ಕೈಕೊಟ್ಟ ಬರಗಾಲದಲ್ಲೂ ಆಳಕ್ಕಿಳಿದ ಮರ ಏನಾದರೂ ಕೊಡುತ್ತದೆ. ಅಂಥ ವರ್ಷ ಮನೆಯಲ್ಲಿ ಮೇಕೆ ಉಳಿಯುವುದೋ ಮಾರಿಹೋಗುವುದೋ ಎಂಬುದು ಈ ಮೇವಿನ ಮೇಲೆ ನಿಂತಿರುತ್ತದೆ.

ಮರುಭೂಮಿಯಲ್ಲಿ ಮರ ಯಾಕೆ ನೆಡಬೇಕು, ಅದು ಹಾಗೇ ಇರಬಾರದೇ ಎಂದು ಪರಿಸರ ಬಲ್ಲವರು ಕೇಳುತ್ತಾರೆ. ನಾನು ಅವರ ಪಕ್ಷ. ಥಾರ್‌ನ ಹುಲ್ಲುಗಾವಲು, ದೇವರ ಹೆಸರಿನಲ್ಲಿ ಬಿಟ್ಟ ಓರಣ್ ಎಂಬ ಕಾಡುಗಳು ಖಾಲಿ ಜಾಗಗಳಲ್ಲ, ಎರ್ಲಡ್ಡು ಹಕ್ಕಿಯಂಥ ಜೀವಗಳ ಮನೆ ಅವು. ಕಂಡಲ್ಲೆಲ್ಲ ಮರ ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ. ನಾವು ಬಳ್ಳಾರಿ ಜಾಲಿ ಎನ್ನುವ ಮರವನ್ನು ಜೋಧಪುರ ಸಂಸ್ಥಾನ 1940ರಲ್ಲಿ ರಾಜವೃಕ್ಷವೆಂದು ಘೋಷಿಸಿತ್ತು. ಬೇರಿಳಿಸಿ ಬದುಕುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಅದು ಗೋಮಾಳಗಳನ್ನು ನುಂಗಿದ್ದನ್ನು ಬಳ್ಳಾರಿ, ರಾಯಚೂರಿನವರಿಗೆ ಹೇಳಬೇಕಿಲ್ಲ. ಹಣ್ಣಿನ ಮರದ ಜಾಗ ಈಗಾಗಲೇ ಉಳುತ್ತಿರುವ ಹೊಲ, ಅದರ ಬದು ಮತ್ತು ಮನೆಯ ಹಿತ್ತಿಲು. ಅದರಾಚೆಗೆ ಒಂದೂ ಬೇಡ.

ಕರ್ನಾಟಕದಲ್ಲಿ ಮರುಭೂಮಿಯಿಲ್ಲ, ವಿಜಯಪುರದಲ್ಲೂ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾಗುತ್ತದೆ. ಆದರೂ ನಮ್ಮ ಒಣ ತಾಲ್ಲೂಕುಗಳಲ್ಲಿ ಜೂನ್‌ನಲ್ಲಿ ನೆಟ್ಟದ್ದು ಮುಂದಿನ ಏಪ್ರಿಲ್‌ಗೆ ಒಣಗುವುದು ಹೊಸದಲ್ಲ. ಗಿಡ ನೆಡುವ ಯಾವುದೇ ಯೋಜನೆಯ ಯಶಸ್ಸನ್ನು ನೆಟ್ಟ ದಿನದ ಸಂಖ್ಯೆಯಿಂದ ಅಳೆಯುವುದನ್ನು ಬಿಟ್ಟು, ಮೂರನೇ ಬೇಸಿಗೆ ಕಳೆದು ಉಳಿದವುಗಳಿಂದ ಅಳೆದು ಹಣ ಕೊಡುವಂತಾಗಬೇಕು. ಹೊಲಕ್ಕೋ ಹಿತ್ತಿಲಿಗೋ ಈ ಮಳೆಗಾಲದಲ್ಲಿ ಹಣ್ಣಿನ ಗಿಡ ತರಲು ಹೊರಟಿದ್ದರೆ, ನರ್ಸರಿಯಲ್ಲಿ ಎಲೆ ನೋಡುವ ಮೊದಲು ಚೀಲವನ್ನು ಎತ್ತಿ ತಳ ನೋಡಿ. ಬೇರು ಸುರುಳಿ ಸುತ್ತಿದ್ದರೆ ಎಷ್ಟೇ ಹಸಿರಾಗಿದ್ದರೂ ಅದನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿರುವ ಸಣ್ಣ ಗಿಡವನ್ನು ತನ್ನಿ.